ಒಂಟಿ ತಂತಿಯ ಬಿಲ್ಲು ಮತ್ತು ಒಪೆರಾ: ಮ್ಜಿಲಿಕಾಜಿ ಖುಮಾಲೋ ಹಿಡಿದ ದಾರಿ

ಆಫ್ರಿಕಾದ ಸಂಗೀತವನ್ನೂ, ಇಡೀ ನಾಟಕವನ್ನು ಆರ್ಕೆಸ್ಟ್ರಾದೊಂದಿಗೆ ಹಾಡಿಯೇ ಆಡುವ ಯುರೋಪಿನ ಒಪೆರಾವನ್ನೂ ಬೆರೆಸುತ್ತೇವೆ ಎಂದವರು ಮೊದಲು ತರಿಸುವುದು ಡೋಲು. ಪಿಟೀಲುಗಳ ಪಕ್ಕ ನಾಲ್ಕು ಜೆಂಬೆ ಇಟ್ಟು, ಗಾಯಕಿಯ ಕೊರಳಿಗೆ ಮಣಿಸರ ಹಾಕಿ, ಕೊನೆಯ ದೃಶ್ಯಕ್ಕೊಂದು ಕುಣಿತ ಸೇರಿಸಿದರೆ ಕೆಲಸ ಮುಗಿಯಿತು. ದಕ್ಷಿಣ ಆಫ್ರಿಕಾದ ಜುಲು ಜನರ ಸಂಗೀತದ ಮಟ್ಟಿಗಂತೂ ಇದು ಬುಡದಲ್ಲೇ ತಪ್ಪು, ಏಕೆಂದರೆ ಹಳೆಯ ಜುಲು ಸಂಗೀತದಲ್ಲಿ ಡೋಲಿಗೆ ದೊಡ್ಡ ಜಾಗವೇ ಇಲ್ಲ. ಅಲ್ಲಿರುವುದು ಗುಂಪಿನ ಕಂಠ, ನೆಲಕ್ಕೆ ಅಪ್ಪಳಿಸುವ ಪಾದ, ಒಬ್ಬಂಟಿಯಾಗಿ ಕೂತು ನುಡಿಸುವ ಬಿಲ್ಲುವಾದ್ಯ. ಒಪೆರಾಕ್ಕೆ ತರಬೇಕಾದದ್ದು ಇವನ್ನು. ಇವುಗಳನ್ನೆಲ್ಲ ಹಿಡಿದಿಟ್ಟಿರುವ ಜುಲು ಮಾತನ್ನು ಎಲ್ಲಕ್ಕಿಂತ ಮೊದಲು ತರಬೇಕು.

ದಕ್ಷಿಣ ಆಫ್ರಿಕಾದ ಸಂಯೋಜಕ ಮ್ಜಿಲಿಕಾಜಿ ಖುಮಾಲೋ ಹಿಡಿದದ್ದು ಇದೇ ದಾರಿ. ಅವರ ‘ಪ್ರಿನ್ಸೆಸ್ ಮಗೋಗೋ ಕಾದಿನುಜುಲು’ 2002ರ ಮೇ ತಿಂಗಳಲ್ಲಿ ಡರ್ಬನ್ನಿನ ಪ್ಲೇಹೌಸ್ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಕಂಡಿತು. ಜುಲು ಭಾಷೆಯ ಮೊದಲ ಒಪೆರಾ ಎಂದು ಇದನ್ನು ಗುರುತಿಸುತ್ತಾರೆ. ಪಠ್ಯ ಥೆಂಬಾ ಮ್ಸಿಮಾಂಗ್ ಅವರದು, ಆರ್ಕೆಸ್ಟ್ರಾಕ್ಕೆ ಅಳವಡಿಸಿದವರು ಮೈಕೆಲ್ ಹ್ಯಾಂಕಿನ್‌ಸನ್, ನಿರ್ಮಾಣ ಒಪೆರಾ ಆಫ್ರಿಕಾ ಸಂಸ್ಥೆಯದು, ಮಗೋಗೋ ಪಾತ್ರದಲ್ಲಿ ಹಾಡಿದವರು ಸಿಬೊಂಗಿಲೆ ಖುಮಾಲೋ. 2004ರಲ್ಲಿ ಇದು ಶಿಕಾಗೋ ಬಳಿಯ ರವೀನಿಯಾ ಉತ್ಸವಕ್ಕೂ ಹೋಯಿತು.

ಖುಮಾಲೋ ಹುಟ್ಟಿದ್ದು 1932ರಲ್ಲಿ. ತಂದೆತಾಯಿ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಯ ಧರ್ಮಸೇವಕರು, ಹಾಗಾಗಿ ಕಾಯರ್, ಅಂದರೆ ಸಮೂಹಗಾನ, ಮನೆಯಿಂದಲೇ ಬಂದದ್ದು. ಮುಂದೆ ಅವರು ಕಾಯರ್ ನಿರ್ದೇಶಕರಾದರು. ದೇಶದ ಈಗಿನ ರಾಷ್ಟ್ರಗೀತೆಯನ್ನು ರೂಪಿಸಿದ ಸಮಿತಿಯ ಅಧ್ಯಕ್ಷರೂ ಆಗಿದ್ದರು. ಆದರೆ ಈ ಒಪೆರಾ ಅರ್ಥವಾಗಬೇಕಾದರೆ ಅವರ ಇನ್ನೊಂದು ವೃತ್ತಿಯನ್ನು ನೋಡಬೇಕು. ಅವರು ಜೋಹಾನ್ಸ್‌ಬರ್ಗಿನ ವಿಟ್ಸ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕನ್ ಭಾಷೆಗಳ ಪ್ರಾಧ್ಯಾಪಕರಾಗಿದ್ದರು. 1987ರಲ್ಲಿ ಪಿಎಚ್‌ಡಿ ಪಡೆದದ್ದು ಜುಲು ಧ್ವನಿವ್ಯವಸ್ಥೆಯ ಮೇಲೆ. ಮಾತಿನ ಏರಿಳಿತವನ್ನು ಅಕ್ಷರದಿಂದ ಬೇರ್ಪಡಿಸಿ, ಪ್ರತ್ಯೇಕ ಎಳೆಯಾಗಿ ಅಭ್ಯಾಸ ಮಾಡುವ ವಿಧಾನ ಅದರದು. ಜುಲು ಪದವೊಂದಕ್ಕೆ ರಾಗ ಹಾಕಲು ಕೂತಾಗ, ಆ ಪದದೊಳಗೆ ಆಗಲೇ ಒಂದು ರಾಗವಿದೆ ಎಂಬುದು ಅವರಷ್ಟು ಖಚಿತವಾಗಿ ಗೊತ್ತಿದ್ದ ಸಂಯೋಜಕರು ಕಡಿಮೆ.

ಕನ್ನಡದಲ್ಲಿ ಒಂದು ಪದವನ್ನು ಎತ್ತಿ ಹೇಳಿದರೂ ಇಳಿಸಿ ಹೇಳಿದರೂ ಭಾವ ಬದಲಾದೀತು, ಅರ್ಥ ಬದಲಾಗುವುದಿಲ್ಲ. ಜುಲುವಿನಲ್ಲಿ ಬದಲಾಗುತ್ತದೆ. ‘ಇನ್ಯಾಂಗ’ ಎಂದರೆ ಒಂದು ಏರಿಳಿತದಲ್ಲಿ ಚಂದ್ರ, ಇನ್ನೊಂದರಲ್ಲಿ ನಾಟಿವೈದ್ಯ. ‘ಇಥಾಂಗ’ ಕುಂಬಳವೂ ಹೌದು, ತೊಡೆಯೂ ಹೌದು. ಇವು ಸಂದರ್ಭದಿಂದ ಗೊತ್ತಾಗಬಹುದು. ನಿಜವಾದ ಇಕ್ಕಟ್ಟು ಕ್ರಿಯಾಪದದಲ್ಲಿದೆ. ‘ಉಯಾಹಾಂಬ’ ಎಂಬುದರ ಮೊದಲ ‘ಉ’ ತಗ್ಗಿನಲ್ಲಿದ್ದರೆ ‘ನೀನು ಹೋಗುತ್ತಿದ್ದೀಯ’, ಎತ್ತರದಲ್ಲಿದ್ದರೆ ‘ಅವನು ಹೋಗುತ್ತಿದ್ದಾನೆ’ ಅಥವಾ ‘ಅವಳು ಹೋಗುತ್ತಿದ್ದಾಳೆ’. ಪ್ರೀತಿ ಮತ್ತು ಅಗಲಿಕೆಯ ಕಥೆ ಹೇಳುವ ಒಪೆರಾದಲ್ಲಿ ಹೋಗುತ್ತಿರುವವರು ಯಾರು ಎಂಬುದು ಒಂದೇ ಒಂದು ಸ್ವರದ ಮೇಲೆ ನಿಂತಿದೆ.

ಹತ್ತೊಂಬತ್ತನೇ ಶತಮಾನದ ಮಿಷನರಿಗಳು ಯುರೋಪಿನ ಸ್ತೋತ್ರಗಳ ಧಾಟಿ ಹಾಗೇ ಇಟ್ಟುಕೊಂಡು ಜುಲು ಪದಗಳನ್ನು ತುಂಬಿದರು. ನಾಲ್ಕು ಚರಣಕ್ಕೂ ಒಂದೇ ಧಾಟಿ. ಮೊದಲ ಚರಣದಲ್ಲಿ ಮಾತಿನ ಏರಿಳಿತ ಹೇಗೋ ಧಾಟಿಗೆ ಹೊಂದಿಕೊಂಡರೂ ಎರಡನೆಯದರಲ್ಲಿ ಪದ ಬದಲಾಗುತ್ತದೆ, ಧಾಟಿ ಬದಲಾಗುವುದಿಲ್ಲ. ಹಾಡು ಮಾತಿಗೆ ಅಡ್ಡ ನಿಲ್ಲುತ್ತದೆ. ಪಲ್ಲವಿ-ಚರಣಗಳ ಕಟ್ಟುಪಾಡಿನ ಯಾವ ಯುರೋಪಿಯನ್ ರಚನೆಯನ್ನು ಜುಲುವಿಗೆ ತಂದರೂ ಎದುರಾಗುವ ಮೊದಲ ತೊಂದರೆ ಇದು. ಪ್ರತಿ ಸಾಲಿಗೂ ಹೊಸ ಧಾಟಿ ಹೆಣೆಯುವುದು ಒಂದು ಪರಿಹಾರ. ಸಾಲಿನ ಒಟ್ಟು ಆಕಾರವನ್ನು ಉಳಿಸಿಕೊಂಡು, ಎತ್ತರದ ಅಕ್ಷರ ಬಂದಲ್ಲಿ ಮಾತ್ರ ಸ್ವರವನ್ನು ಸರಿಸುವುದು ಇನ್ನೊಂದು. ಜನಪದ ಹಾಡುಗಾರರು ಎರಡನೆಯದನ್ನು ಯೋಚಿಸದೆಯೇ ಮಾಡುತ್ತಾರೆ. ಸ್ವರಲಿಪಿಯಲ್ಲಿ ಬರೆಯುವವನು ಮಾತ್ರ ಅದನ್ನು ಅಕ್ಷರ ಅಕ್ಷರಕ್ಕೂ ಲೆಕ್ಕ ಹಾಕಿ ಬರೆಯಬೇಕು.

ಅಷ್ಟಕ್ಕೇ ಮುಗಿಯುವುದಿಲ್ಲ. ಜುಲುವಿನ ಕೆಲವು ಘೋಷ ವ್ಯಂಜನಗಳು ತಮ್ಮ ನಂತರದ ಸ್ವರದ ಆರಂಭವನ್ನು ಕೆಳಕ್ಕೆ ಎಳೆಯುತ್ತವೆ. ಜ಼, ವ, ಗ, ಡ, ಜೊತೆಗೆ ಜುಲು ಬರವಣಿಗೆಯಲ್ಲಿ ‘ಭ’ ಎಂದು ಕಾಣುವ ವ್ಯಂಜನ ಈ ಗುಂಪಿನವು. ಅಕ್ಷರ ಎತ್ತರದ್ದೇ ಆಗಿದ್ದರೂ ಅದು ಕೆಳಗಿನಿಂದ ಜಾರಿಕೊಂಡು ಮೇಲೇರುತ್ತದೆ. ಒಪೆರಾ ಗಾಯನದ ಶಿಕ್ಷಣ ಇದಕ್ಕೆ ನೇರ ವಿರುದ್ಧ: ಸ್ವರವನ್ನು ನಟ್ಟನಡುವೆ ಹಿಡಿ, ಕೆಳಗಿನಿಂದ ಎತ್ತಬೇಡ ಎಂದೇ ಮೊದಲ ಪಾಠ. ಆ ಪಾಠವನ್ನು ಚೆನ್ನಾಗಿ ಕಲಿತ ಗಾಯಕಿ ಜುಲು ಹಾಡಿದರೆ ಸ್ವರ ಶುದ್ಧವಾಗಿರುತ್ತದೆ, ಮಾತು ಮಾತ್ರ ಪರಕೀಯವಾಗಿ ಕೇಳುತ್ತದೆ. ಸಂಯೋಜಕ ಅಲ್ಲಿ ಒಂದು ಚಿಕ್ಕ ಕೆಳಸ್ವರವನ್ನು ಸ್ಪಷ್ಟವಾಗಿ ಬರೆದುಕೊಟ್ಟರೆ ಗಾಯಕಿಗೂ ಅನುಮತಿ ಸಿಕ್ಕಂತೆ, ಕಂಡಕ್ಟರನಿಗೂ ಅದು ಶ್ರುತಿದೋಷವಲ್ಲ ಎಂದು ತಿಳಿದಂತೆ.

ಲಯದಲ್ಲೂ ಒಂದು ನಿಯಮವಿದೆ. ಜುಲುವಿನಲ್ಲಿ ಪದಗುಚ್ಛದ ಕೊನೆಯಿಂದ ಎರಡನೆಯ ಅಕ್ಷರ ಹಿಗ್ಗುತ್ತದೆ, ಕೊನೆಯದು ಕುಗ್ಗಿ ಉಸಿರಿನಷ್ಟೇ ಆಗುತ್ತದೆ: ಸಿಯಾಹಾಽಽಂಬ. ಯುರೋಪಿನ ಸಾಲು ಕೊನೆಯ ಅಕ್ಷರದ ಮೇಲೆ ನಿಂತು ಕಂಪಿಸಲು ಬಯಸುತ್ತದೆ. ಅಲ್ಲಿ ನಿಂತರೆ ಜುಲು ಕಿವಿಗೆ ಅದು ತಪ್ಪು ಜಾಗದಲ್ಲಿ ಕಾಲಿಟ್ಟಂತೆ. ಇದಲ್ಲದೆ ಮಾತು ಮುಂದೆ ಹೋದಂತೆ ಒಟ್ಟು ಶ್ರುತಿಯೇ ಇಳಿಯುತ್ತ ಹೋಗುವುದರಿಂದ ಹಾಡಿನ ಸಾಲೂ ಮೇಲೆ ಶುರುವಾಗಿ ಕೆಳಗೆ ಮುಗಿಯುತ್ತದೆ. ಇಟಾಲಿಯನ್ ಒಪೆರಾದಲ್ಲಿ ಒಬ್ಬರೇ ಹಾಡುವ ‘ಏರಿಯಾ’ ಎಂಬ ಹಾಡು ಮಾತ್ರ ಕೊನೆಗೆ ಶಿಖರ ಮುಟ್ಟಿ ಚಪ್ಪಾಳೆ ಕೇಳುವ ಜಾತಿಯದು. ಈ ಎರಡನ್ನು ಹೊಂದಿಸುವಾಗ ನನಗೆ ಸರಿ ಎನಿಸುವ ಉಪಾಯ ಒಂದೇ. ಸಾಲಿನೊಳಗೆ ಇಳಿಯಲು ಬಿಡಬೇಕು. ಪ್ರತಿ ಹೊಸ ಸಾಲನ್ನು ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲಿಂದ ಎತ್ತಬೇಕು. ಆಗ ಶಿಖರ ಸಾಲಿನ ಆರಂಭದಲ್ಲಿ ಬರುತ್ತದೆ, ಮಾತು ಮುರಿಯುವುದಿಲ್ಲ.

ಜುಲು ಒಪೆರಾಕ್ಕೆ ಸುಲಭವಾಗಿ ಒಗ್ಗುವ ಗುಣವೂ ಒಂದಿದೆ. ಕನ್ನಡದ ಹಾಗೆ ಅದೂ ಸ್ವರಾಂತ್ಯದ ಭಾಷೆ, ಬಾಯಿತೆರೆದು ಹಾಡಲು ಸಿಗುವ ಅ-ಎ-ಇ-ಒ-ಉ ಐದೇ ಸ್ವರಾಕ್ಷರಗಳು. ಈ ವಿಷಯದಲ್ಲಿ ಅದು ಇಂಗ್ಲಿಷ್‌ಗಿಂತ ಇಟಾಲಿಯನ್‌ಗೆ ಹತ್ತಿರ. ನಾಲಿಗೆಯಿಂದ ಚಿಟಿಕೆ ಹೊಡೆಯುವಂಥ ಕ್ಲಿಕ್ ಧ್ವನಿಗಳು ಅಡ್ಡಿಯಾಗುತ್ತವೆ ಎಂದು ಹೊರಗಿನವರು ಹೆದರುತ್ತಾರೆ. ಅಷ್ಟು ಹೆದರಬೇಕಿಲ್ಲ. ಅಯ್ಯೋ ಪಾಪ ಎಂದು ನಾವು ಲೊಚಗುಟ್ಟುವ ಸದ್ದೇ ಜುಲುವಿನ ಒಂದು ವ್ಯಂಜನ. ಅದು ಬಾಯೊಳಗೇ ಹುಟ್ಟುತ್ತದೆ, ಶ್ವಾಸಕೋಶದ ಗಾಳಿ ಬೇಡ. ಕ್ಲಿಕ್ಕನ್ನು ತಾಳದ ಪೆಟ್ಟಿಗಿಂತ ಕೂದಲೆಳೆ ಮೊದಲು ಹಾಕಿ, ಸ್ವರವನ್ನು ಪೆಟ್ಟಿನ ಮೇಲೆ ಬಿಡಬೇಕು. ಕ್ಲಿಕ್ಕೇ ಪೆಟ್ಟಿನ ಮೇಲೆ ಬಿದ್ದರೆ ಸ್ವರ ತಡವಾಗಿ, ಇಡೀ ಕಾಯರ್ ಹಿಂದೆಳೆದಂತೆ ಕೇಳುತ್ತದೆ. ಅನುನಾಸಿಕ ಕ್ಲಿಕ್ಕುಗಳಲ್ಲಿ ಮೂಗಿನ ಮೂಲಕ ನಾದ ಹರಿಯುತ್ತಲೇ ಇರುವುದರಿಂದ ಎಳೆತವೂ ತುಂಡಾಗುವುದಿಲ್ಲ.

ತೊಂದರೆ ಬರುವುದು ತಾರಸ್ಥಾಯಿಯಲ್ಲಿ. ಇ, ಉ ಸ್ವರಾಕ್ಷರಗಳ ಗುರುತು ಸಿಗುವುದು ಸೆಕೆಂಡಿಗೆ ಸುಮಾರು 300 ಕಂಪನದ ಆಸುಪಾಸಿನ ಅನುರಣನದಿಂದ. ಗಾಯಕಿ ಹಾಡುತ್ತಿರುವ ಶ್ರುತಿಯೇ 700 ದಾಟಿದರೆ ಆ ಗುರುತು ಅಳಿಸಿಹೋಗಿ ಎಲ್ಲವೂ ‘ಅ’ದ ಕಡೆ ವಾಲುತ್ತದೆ. ಇಟಾಲಿಯನ್‌ನಲ್ಲಿ ಕೇಳುಗ ಅಂದಾಜು ಮಾಡಿಕೊಳ್ಳುತ್ತಾನೆ. ಜುಲುವಿನಲ್ಲಿ ಕ್ರಿಯಾಪದದ ಕರ್ತೃ ಯಾವ ವರ್ಗದ್ದು ಎಂದು ಹೇಳುವುದು ಎಷ್ಟೋ ಸಲ ಬರಿಯ ಅ, ಇ, ಉ ಪೂರ್ವಪ್ರತ್ಯಯವೇ. ಹಾಗಾಗಿ ಮಾತು ಮುಖ್ಯವಾದ ಕಡೆ ಮಧ್ಯಸ್ಥಾಯಿ ಬಿಟ್ಟು ಮೇಲೆ ಹೋಗಬಾರದು. ಮೇಲೆ ಹೋಗಲೇಬೇಕಾದರೆ ಕೇಳುಗ ಆಗಲೇ ಕೇಳಿಸಿಕೊಂಡ ಪದವನ್ನು ಮರುಕಳಿಸುವಾಗ ಹೋಗಬೇಕು. ಸಿಬೊಂಗಿಲೆ ಖುಮಾಲೋ ಅವರ ಮೆಜ್ಜೋ ಕಂಠ, ಅಂದರೆ ಮಧ್ಯಸ್ಥಾಯಿಯ ಸ್ತ್ರೀಕಂಠ, ಈ ಪಾತ್ರಕ್ಕೆ ಹೊಂದಿದ್ದಕ್ಕೆ ಇದೂ ಒಂದು ಕಾರಣ. ಅವರ ಎದೆಸ್ವರ ಮಾತಿನ ಎತ್ತರದಲ್ಲೇ ತುಂಬಿ ಬರುತ್ತಿತ್ತು, ಬಿಲ್ಲಿನ ಹಾಡುಗಳ ಸಹಜ ಜಾಗವೂ ಅದೇ.

ಬಿಲ್ಲಿನ ಹಾಡು ಎಂದೆ. ಮಗೋಗೋ ಯಾರೆಂದು ಹೇಳದೆ ಮುಂದೆ ಹೋಗುವಂತಿಲ್ಲ. ಜುಲು ದೊರೆ ದಿನುಜುಲುವಿನ ಮಗಳು ಕಾನ್‌ಸ್ಟನ್ಸ್ ಮಗೋಗೋ, 1900ರಲ್ಲಿ ಹುಟ್ಟಿ 1984ರಲ್ಲಿ ತೀರಿಕೊಂಡರು. ಪ್ರೀತಿಸಿದವನನ್ನು ಬಿಟ್ಟು, ಎರಡು ಮನೆತನಗಳ ನಡುವಿನ ಬಿರುಕು ಮುಚ್ಚಲೆಂದು ಬುಥೆಲೆಜಿ ಕುಲದ ಮುಖ್ಯಸ್ಥ ಮಥೋಲೆಯನ್ನು ಮದುವೆಯಾದದ್ದೇ ಒಪೆರಾದ ಕಥೆ. ಮಗೋಗೋ ಅವರ ಮಗನೇ ರಾಜಕಾರಣಿ ಮಂಗೋಸುಥು ಬುಥೆಲೆಜಿ. ಮದುವೆಯಾದ ಮೇಲೆ ಹೆಂಗಸರು ವಾದ್ಯ ಬಿಡುವ ವಾಡಿಕೆ ಇದ್ದರೂ ಮಗೋಗೋ ಬಿಡಲಿಲ್ಲ. ಅವರು ಹಾಡಿ ನುಡಿಸಿದ್ದನ್ನು ಸಂಗೀತ ಸಂಶೋಧಕರಾದ ಹ್ಯೂ ಟ್ರೇಸಿ, ಡೇವಿಡ್ ರೈಕ್ರಾಫ್ಟ್ ಧ್ವನಿಮುದ್ರಿಸಿಕೊಂಡರು. ರೈಕ್ರಾಫ್ಟ್ ಅವನ್ನು ಸ್ವರ ಸ್ವರಕ್ಕೂ ಬಿಡಿಸಿ ಬರೆದರು. ಒಪೆರಾಕ್ಕೆ ಬಂದ ಹಾಡುಗಳಲ್ಲಿ ಮಗೋಗೋ ಅವರ ಹಾಡುಗಳೂ ಇವೆ.

ಅವರು ನುಡಿಸುತ್ತಿದ್ದ ಮುಖ್ಯ ವಾದ್ಯ ಉಗುಭು. ಆಳೆತ್ತರಕ್ಕೆ ಹತ್ತಿರದ ಬಾಗಿದ ಕೋಲು, ಅದಕ್ಕೊಂದೇ ತಂತಿ, ಕೆಳತುದಿಯ ಬಳಿ ಕಟ್ಟಿದ ಸೋರೆಬುರುಡೆ. ಬುರುಡೆಗೊಂದು ದುಂಡು ಬಾಯಿ. ಆ ಬಾಯಿಯನ್ನು ಎದೆಗೆ ಹತ್ತಿರ ಹಿಡಿದು, ಬಲಗೈಯ ಹುಲ್ಲುಕಡ್ಡಿಯಿಂದ ತಂತಿಗೆ ಹೊಡೆಯುತ್ತಾರೆ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು ತಂತಿಯನ್ನು ಚಿವುಟಿದರೆ ಶ್ರುತಿ ಸುಮಾರು ಅರ್ಧ ಸ್ವರ ಏರುತ್ತದೆ. ನುಡಿಯುವುದು ಈ ಎರಡೇ ಮೂಲನಾದ. ಆದರೆ ಬುರುಡೆಯ ಬಾಯಿಯನ್ನು ಎದೆಗೆ ಒತ್ತಿದಾಗ ಒಳಗಿನ ಗಾಳಿಯ ಅನುರಣನ ಕೆಳಗಿಳಿಯುತ್ತದೆ, ದೂರ ಸರಿಸಿದಾಗ ಏರುತ್ತದೆ. ಹೀಗೆ ಸರಿಸುತ್ತ ತಂತಿಯೊಳಗಿನ ಸ್ವಯಂಭೂ ಸ್ವರಗಳಲ್ಲಿ ಬೇಕಾದದ್ದನ್ನು ಮೇಲಕ್ಕೆತ್ತಬಹುದು. ತಂಬೂರಿಯ ಮಂದ್ರ ತಂತಿಯಿಂದ ಅಂತರ ಗಾಂಧಾರ ತಾನಾಗಿ ಎದ್ದು ಕೇಳುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ಅಲ್ಲಿ ತಾನಾಗಿ ಆಗುವುದನ್ನು ಇಲ್ಲಿ ಎದೆಯ ದೂರದಿಂದ ಆಯ್ದು ನುಡಿಸುತ್ತಾರೆ. (ಬಿಲ್ಲುವಾದ್ಯ ಸಮುದ್ರ ದಾಟಿ ನಮ್ಮ ಕಡೆಗೂ ಬಂದಿದೆ. ಗುಜರಾತಿನ ಸಿದ್ದಿಗಳ ಮಲುಂಗ ಇದೇ ಕುಟುಂಬದ್ದು. ಉತ್ತರ ಕನ್ನಡದ ಸಿದ್ದಿಗಳಲ್ಲಿ ಹೆಸರಾಗಿರುವುದು ಡೋಲಿನ ಕುಣಿತ ಡಮಾಮಿ.)

ಲೆಕ್ಕ ಹಾಕಿ ನೋಡಿ. ಬಿಟ್ಟ ತಂತಿ ಸೆಕೆಂಡಿಗೆ 100 ಕಂಪನ ಎಂದುಕೊಂಡರೆ ಅದರ 3, 4, 5ನೇ ಹಾರ್ಮೋನಿಕ್‌ಗಳು, ಅಂದರೆ ಮೂಲನಾದದ ಅಷ್ಟು ಪಟ್ಟಿನ ಸ್ವಯಂಭೂ ಸ್ವರಗಳು, 300, 400, 500. ಚಿವುಟಿದ ತಂತಿ ಸುಮಾರು 107. ಅದರವು 320, 427, 533. ಬಿಟ್ಟ ತಂತಿಯನ್ನು ಷಡ್ಜ ಎಂದರೆ ಮೊದಲ ಗುಂಪು ಪ, ಸ, ಅಂತರ ಗಾಂಧಾರ. ಎರಡನೆಯದು ಶುದ್ಧ ಧೈವತ, ಶುದ್ಧ ರಿಷಭ, ಶುದ್ಧ ಮಧ್ಯಮ. ಎರಡನ್ನೂ ಸಾಲಾಗಿ ಇಟ್ಟರೆ ಸ ರಿ ಗ ಮ ಪ ದ. ನಿಷಾದವೊಂದು ಬಿಟ್ಟು ಕರ್ನಾಟಕ ಸಂಗೀತದ ಮಾಯಾಮಾಳವಗೌಳ ರಾಗ! ಶೋಸಾ ಜನರ ಬಿಲ್ಲು ಉಹಾಡಿಯಲ್ಲಿ ಎರಡು ನಾದಗಳ ಅಂತರ ಅರ್ಧದ ಬದಲು ಪೂರ್ಣ ಸ್ವರ. ಅದನ್ನೂ ಹೀಗೇ ಲೆಕ್ಕ ಹಾಕಿದರೆ ನಿಷಾದವಿಲ್ಲದ ಕಲ್ಯಾಣಿ ಬರುತ್ತದೆ. ಇದರಿಂದ ಯಾವ ನಂಟನ್ನೂ ಸಾಧಿಸಬೇಕಿಲ್ಲ, ಭೌತಶಾಸ್ತ್ರ ಎಲ್ಲ ಕಡೆಯೂ ಒಂದೇ. ಬಿಲ್ಲಿನ ಹಾಡು ಆರೂ ಸ್ವರವನ್ನು ಬಳಸಬೇಕೆಂದೂ ಇಲ್ಲ. ಆದರೆ ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಕಲಿತ ಯಾರಿಗೇ ಆಗಲಿ ಉಗುಭು ಯಾವ ಬಣ್ಣದಲ್ಲಿ ಕೇಳುತ್ತದೆ ಎಂದು ಅಂದಾಜಿಸಲು ಇಷ್ಟು ಸಾಕು.

ನಿಷಾದವಿಲ್ಲ ಎಂಬುದೇ ಆರ್ಕೆಸ್ಟ್ರಾಕ್ಕೆ ಅಳವಡಿಸುವವನ ಕಷ್ಟದ ಬುಡ. ಯುರೋಪಿನ ಸ್ವರಮೇಳ ಮನೆಗೆ, ಅಂದರೆ ಷಡ್ಜಕ್ಕೆ, ಮರಳುವುದು ಪಂಚಮದ ಕಾರ್ಡಿನಿಂದ (ಒಟ್ಟಿಗೆ ನುಡಿಸುವ ಸ್ವರಗುಚ್ಛವೇ ಕಾರ್ಡ್). ಅದರಲ್ಲಿರುವ ಸ್ವರಗಳು ಪ, ಕಾಕಲಿ ನಿಷಾದ, ಚತುಶ್ರುತಿ ರಿಷಭ. ನಿಷಾದ ಷಡ್ಜಕ್ಕೆ ತುಡಿಯುವುದರಿಂದಲೇ ಒಪೆರಾದ ದೃಶ್ಯಗಳು ಮುಗಿದಂತೆ ಅನ್ನಿಸುವುದು. ಬಿಲ್ಲು ಕೊಡುವ ಆರರಲ್ಲಿ ನಿಷಾದವೂ ಇಲ್ಲ, ಆ ರಿಷಭವೂ ಇಲ್ಲ. ಇರುವುದು ಅರ್ಧ ಸ್ವರದ ಅಂತರದಲ್ಲಿ ಅಕ್ಕಪಕ್ಕ ನಿಂತು ತೂಗಾಡುವ ಎರಡು ಮೇಜರ್ ಕಾರ್ಡುಗಳು. ಪಾಶ್ಚಾತ್ಯ ತರಬೇತಿಯ ಕೈ ಎರಡನೆಯದನ್ನು ಕಂಡ ಕೂಡಲೇ ನೆಪೋಲಿಟನ್ ಕಾರ್ಡ್ (ಷಡ್ಜಕ್ಕಿಂತ ಅರ್ಧ ಸ್ವರ ಮೇಲಿನ ಮೇಜರ್ ಕಾರ್ಡಿಗೆ ಅಲ್ಲಿನ ಹೆಸರು) ಎಂದು ಗುರುತಿಸಿ, ಮುಂದಕ್ಕೆ ಪಂಚಮದ ಕಾರ್ಡ್ ಬರೆದು, ಷಡ್ಜಕ್ಕೆ ತಂದು ಮುಗಿಸಿಬಿಡುತ್ತದೆ. ಕೇಳಲು ಸೊಗಸಾಗಿಯೇ ಇರುತ್ತದೆ, ಬಿಲ್ಲು ಮಾತ್ರ ಅಲ್ಲಿ ಉಳಿದಿರುವುದಿಲ್ಲ. ಈ ಒಪೆರಾದ ವಾದ್ಯಭಾಗ ಹೆಚ್ಚು ಯುರೋಪಿಯನ್ ಆಯಿತೇ ಎಂಬ ಚರ್ಚೆಗೂ ಮೂಲ ಇಂಥ ಜಾಗಗಳೇ. ದೊಡ್ಡ ಆರ್ಕೆಸ್ಟ್ರಾದ ತುಂಬುನಾದ ಕೆಲವೊಮ್ಮೆ ಮಾತಿನ ಸೂಕ್ಷ್ಮವನ್ನು ಮುಚ್ಚುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕಂಠದ ಸಾಲು ಜುಲುವಾಗಿಯೇ ನಿಂತಿದ್ದರೆ ವಾದ್ಯಭಾಗವನ್ನು ಯಾವಾಗ ಬೇಕಾದರೂ ತಿದ್ದಬಹುದು. ಕಂಠದ ಸಾಲೇ ತಪ್ಪಿದ್ದರೆ ತಿದ್ದಲು ಏನೂ ಉಳಿಯುವುದಿಲ್ಲ.

ಬಿಲ್ಲಿನ ಗುಣವನ್ನು ಆರ್ಕೆಸ್ಟ್ರಾದಲ್ಲಿ ಉಳಿಸಿಕೊಳ್ಳಲು ಒಂದು ನೇರ ಉಪಾಯವಿದೆ. ಚೆಲ್ಲೋ ವಾದ್ಯದ ಅತ್ಯಂತ ಕೆಳಗಿನ ಸಿ ತಂತಿಯನ್ನು ಅದರ ಉದ್ದದ ಮೂರನೇ, ನಾಲ್ಕನೇ, ಐದನೇ ಒಂದರಷ್ಟು ದೂರದಲ್ಲಿ ಬೆರಳಿನಿಂದ ಮೃದುವಾಗಿ ಮುಟ್ಟಿದರೆ ಬಿಲ್ಲಿನ ಅದೇ ಹಾರ್ಮೋನಿಕ್‌ಗಳು ನಿಜವಾಗಿಯೇ ಸಿಗುತ್ತವೆ. ಎರಡನೆಯ ಮೂಲನಾದಕ್ಕೆ ಬಿಟ್ಟ ತಂತಿ ಇಲ್ಲ. ಅದಕ್ಕಾಗಿ ಇನ್ನೊಬ್ಬ ಚೆಲ್ಲೋ ವಾದಕ ಆ ತಂತಿಯನ್ನು 65.4ರಿಂದ 69.3 ಕಂಪನಕ್ಕೆ, ಅಂದರೆ ಅರ್ಧ ಸ್ವರ ಮೇಲೆ, ಕಟ್ಟಿಕೊಳ್ಳಬೇಕು. ಇಬ್ಬರೂ ಸರದಿಯಂತೆ ನುಡಿಸಿದರೆ ಬಿಲ್ಲಿನ ತೂಗು ಬರುತ್ತದೆ. ಆಗ ಕ್ಲಾರಿನೆಟ್ಟಿಗೆ ಅದೇ ಗಾಂಧಾರವನ್ನು ಕೊಡಬಾರದು. ಹಾರ್ಮೋನಿಕ್‌ನ ಗಾಂಧಾರ, ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಶ್ರುತಿಗಿಂತ ಸುಮಾರು 14 ಸೆಂಟ್ (ಅರ್ಧ ಸ್ವರಕ್ಕೆ ನೂರು ಸೆಂಟ್) ಕೆಳಗಿರುತ್ತದೆ. ಎರಡೂ ಒಟ್ಟಿಗೆ ನಿಂತರೆ ನಾದ ನಡುಗುತ್ತದೆ, ಯಾರೋ ಬೇಸುರ ನುಡಿಸುತ್ತಿದ್ದಾರೆ ಎಂದೇ ಸಭಿಕರು ತಿಳಿಯುತ್ತಾರೆ.

ಕಾಯರ್ ವಿಷಯದಲ್ಲಿ ಖುಮಾಲೋ ಅವರಿಗೆ ಗಟ್ಟಿ ನೆಲವೇ ಸಿಕ್ಕಿತ್ತು. ದಕ್ಷಿಣ ಆಫ್ರಿಕಾದ ಕಪ್ಪು ಜನರ ಕಾಯರ್‌ಗಳು ಓದುವುದು ಟಾನಿಕ್ ಸಾಲ್ಫಾ ಲಿಪಿಯನ್ನು: ಡ ರ ಮ ಫ ಸ ಲ ಟ ಅಕ್ಷರಗಳು, ತಾಳದ ಪೆಟ್ಟಿಗೆ ಎರಡು ಚುಕ್ಕೆ, ಅರ್ಧ ಪೆಟ್ಟಿಗೆ ಒಂದು ಚುಕ್ಕೆ, ಎಳೆತಕ್ಕೆ ಅಡ್ಡಗೆರೆ. ನಮ್ಮ ಸರಿಗಮದಂತೆ ಆಧಾರಶ್ರುತಿ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು, ಸಾಮಾನ್ಯ ಟೈಪ್‌ರೈಟರಿನಲ್ಲಿ ಹೊಡೆದು ಹಂಚಬಹುದು. ಅಲ್ಲಿನ ಕಾಯರ್ ಸ್ಪರ್ಧೆಗಳಲ್ಲಿ ಒಪೆರಾದ ಸಮೂಹಗಾನಗಳನ್ನು ಕಲಿತು ಹಾಡುವುದು ಹಳೆಯ ರೂಢಿ. ಇಟಲಿಯ ಒಪೆರಾ ಸಂಯೋಜಕ ವರ್ದಿಯ ರಚನೆಗಳನ್ನು ಸಾಲ್ಫಾದಲ್ಲಿ ಕಂಠಪಾಠ ಮಾಡಿದವರು ಕಪ್ಪು ಜನರ ಬಡಾವಣೆಗಳಾದ ಟೌನ್‌ಶಿಪ್‌ಗಳಲ್ಲಿ ಬೇಕಾದಷ್ಟಿದ್ದಾರೆ. ಒಪೆರಾ ಅವರಿಗೆ ಹೊರಗಿನದು ಎಂದುಕೊಳ್ಳುವುದೇ ತಪ್ಪು. ಸಾಲ್ಫಾದ ಮಿತಿ ಇರುವುದು ಲಯದಲ್ಲಿ. ಆರು ಪೆಟ್ಟನ್ನು ಒಮ್ಮೆ ಮೂರು-ಮೂರಾಗಿ, ಒಮ್ಮೆ ಎರಡು-ಎರಡು-ಎರಡಾಗಿ ಒಡೆಯುವ ಜುಲು ನಡೆಯನ್ನು ಅದರಲ್ಲಿ ಬರೆದರೆ ಹಾಳೆ ಕಿಕ್ಕಿರಿದು ಓದಲಾಗುವುದಿಲ್ಲ. ಅಂಥ ಕಡೆ ಬಾಯಿಪಾಠವೇ ಗತಿ, ಅದಕ್ಕೆ ತಾಲೀಮಿನಲ್ಲಿ ಸಮಯ ಮೊದಲೇ ಎತ್ತಿಡಬೇಕು.

ಜುಲು ಸಮೂಹಗಾನದಲ್ಲಿ ಮುಂದಾಳು ಮತ್ತು ಗುಂಪು ಒಟ್ಟಿಗೆ ಶುರುಮಾಡುವುದಿಲ್ಲ, ಒಟ್ಟಿಗೆ ನಿಲ್ಲಿಸುವುದೂ ಇಲ್ಲ. ಗುಂಪಿನ ಸಾಲು ಮುಗಿಯುವ ಮೊದಲೇ ಮುಂದಾಳು ಮತ್ತೆ ಎತ್ತುತ್ತಾನೆ. ಚಕ್ರ ತಿರುಗುತ್ತಲೇ ಇರುತ್ತದೆ. ಅದಕ್ಕೆ ‘ಮುಕ್ತಾಯ’ ಎಂಬ ಜಾಗವೇ ಇಲ್ಲ. ಒಪೆರಾದ ಅಂಕಕ್ಕೆ ಪರದೆ ಬೀಳಬೇಕು. ಎಲ್ಲರನ್ನೂ ಒಂದೇ ಕಾರ್ಡಿನ ಮೇಲೆ ನಿಲ್ಲಿಸಿದರೆ ಚಕ್ರದ ಗುಣ ಸಾಯುತ್ತದೆ. ಮುಂದಾಳುವಿನ ಅರ್ಧ ಸಾಲಿನ ಮೇಲೆ ಕತ್ತರಿಸುವುದು ಅಥವಾ ಹಾಡುತ್ತಲೇ ರಂಗದಿಂದ ಹೊರನಡೆಸುವುದು ಹೆಚ್ಚು ನ್ಯಾಯ.

ಇನ್ನು ಬಿಲ್ಲನ್ನೇ ರಂಗದ ಮೇಲೆ ತರುವವರಿಗೆ. ಉಗುಭು ಕೋಣೆಯ ವಾದ್ಯ. ಎದುರಿಗೆ ಕೂತವರಿಗಷ್ಟೇ ಅದರ ಮೇಲಿನ ಸ್ವರಗಳು ಕೇಳುತ್ತವೆ. ಆರ್ಕೆಸ್ಟ್ರಾ ನುಡಿಯುತ್ತಿರುವಾಗ ಅದನ್ನು ನುಡಿಸಿದರೆ ಕಣ್ಣಿಗೆ ಮಾತ್ರ ಕಾಣುತ್ತದೆ. ಎಲ್ಲ ವಾದ್ಯಗಳೂ ಸುಮ್ಮನಿರುವ ಹೊತ್ತನ್ನು ಸ್ವರಲಿಪಿಯಲ್ಲೇ ಬರೆದಿಡಬೇಕು. ಮೈಕ್ ಇಡುವುದಾದರೆ ಬುರುಡೆಯ ಬಾಯಿಯ ಪಕ್ಕಕ್ಕೆ ಒಂದು ಗೇಣು ದೂರ, ಓರೆಯಾಗಿ. ಬಾಯಿಗೆ ನೇರವಾಗಿ ಇಟ್ಟರೆ ಎದೆಗೆ ಒತ್ತಿದಾಗೆಲ್ಲ ಗುಮ್ಮೆನ್ನುತ್ತದೆ. ಕೋಲಿಗೆ ಅಂಟಿಸುವ ಮೈಕ್ ಕಡ್ಡಿಯ ಪೆಟ್ಟನ್ನಷ್ಟೇ ಹಿಡಿಯುತ್ತದೆ, ಬುರುಡೆ ಆಯ್ದುಕೊಟ್ಟ ಸ್ವರವನ್ನಲ್ಲ. ವಾದಕಿಯ ಉಡುಪು ಎದೆಯ ಬಳಿ ತೆಳುವಾಗಿರಬೇಕು; ದಪ್ಪ ಮಣಿಹೊದಿಕೆ ಇದ್ದರೆ ಬುರುಡೆಯ ಬಾಯಿ ಪೂರ್ತಿ ಮುಚ್ಚಿಕೊಳ್ಳದೆ ಕೆಳಗಿನ ಹಾರ್ಮೋನಿಕ್ ಸಿಗುವುದಿಲ್ಲ. ರಂಗದ ದೀಪಗಳ ಕಾವಿಗೆ ಲೋಹದ ತಂತಿ ಸಡಿಲಾಗಿ ಶ್ರುತಿ ಇಳಿಯುತ್ತದೆ. ಆದ್ದರಿಂದ ದೃಶ್ಯಕ್ಕೆ ಹತ್ತು ನಿಮಿಷ ಮುಂಚೆ ಬಿಲ್ಲನ್ನು ರಂಗದ ಪಕ್ಕಕ್ಕೆ ತಂದು ಆ ಬಿಸಿಗೆ ಒಗ್ಗಿಸಿ, ಆಮೇಲೆ ಶ್ರುತಿ ಮಾಡಬೇಕು. ಶ್ರುತಿ ಕೂಡಿಸುವಾಗ ಆರ್ಕೆಸ್ಟ್ರಾದೊಂದಿಗೆ ಬಿಟ್ಟ ತಂತಿಯನ್ನು ಹೊಂದಿಸಿದರೆ ಸಾಕು. ಚಿವುಟಿದ ನಾದ ಎಲ್ಲಿ ನಿಲ್ಲಬೇಕು ಎಂಬುದನ್ನು ವಾದಕಿಯ ಬೆರಳಿಗೇ ಬಿಡಿ.